ಟ್ರೇಲರ್‌ನಲ್ಲಿ ಒಯ್ಯುವ ಪುಟ್ಟ ಹಾಯಿದೋಣಿಯ ಕಂಬವನ್ನು ಒಬ್ಬರೇ ಎತ್ತಿ ನಿಲ್ಲಿಸುವುದು ಹೇಗೆ? ನಾನಿರುವುದು ಪಣಜಿಯಲ್ಲಿ.

ಹಿಂದಕ್ಕೆ ಮಲಗಿರುವ ಕಂಬದ ಬುಡದಲ್ಲಿ, ಅದಕ್ಕೆ ಲಂಬವಾಗಿ, ಸುಮಾರು ಎರಡು ಮೀಟರ್ ಉದ್ದದ ಗಟ್ಟಿ ಕೊಳವೆಯೊಂದನ್ನು ನಿಲ್ಲಿಸಿ. ಕಂಬದ ಮೇಲ್ಭಾಗದಿಂದ ಬರುವ ಹಗ್ಗವನ್ನು ಕೊಳವೆಯ ತುದಿಗೆ ಕಟ್ಟಿ, ಅಲ್ಲಿಂದ ದೋಣಿಯ ಮೂತಿಗೆ ರಾಟೆಹಗ್ಗ ಹಾಕಿ ಎಳೆಯಿರಿ.

ಮಲಗಿದ ಕಂಬವನ್ನು ಮೂತಿಯಿಂದ ನೇರವಾಗಿ ಎಳೆದರೆ ಬಲವೆಲ್ಲ ಕಂಬದ ಉದ್ದಕ್ಕೇ ಹೋಗುತ್ತದೆ, ಮೇಲೆತ್ತುವ ಪಾಲು ತೀರಾ ಕಡಿಮೆ. ಕೊಳವೆಯು ಎಳೆತದ ಕೋನವನ್ನು ಹಿಗ್ಗಿಸಿ ಸನ್ನೆಕೋಲಿನಂತೆ ದುಡಿಯುತ್ತದೆ.

ನಿಜವಾದ ಅಪಾಯ ಕಂಬ ಪಕ್ಕಕ್ಕೆ ವಾಲುವುದು. ಎರಡೂ ಬದಿಗೆ ತಾತ್ಕಾಲಿಕ ಹಗ್ಗ ಬಿಗಿಯಿರಿ. ಅವುಗಳ ಕೆಳತುದಿ ಕಂಬದ ಕೀಲಿನ ನೇರದಲ್ಲೇ, ಅದೇ ಎತ್ತರದಲ್ಲಿರಬೇಕು, ಇಲ್ಲವಾದರೆ ಎತ್ತುವಾಗ ಸಡಿಲಾಗುತ್ತವೆ. ಮಾಂಡೋವಿ ದಡದಲ್ಲಾದರೆ ಕಡಲಗಾಳಿ ಏಳುವ ಮೊದಲು, ಬೆಳಗ್ಗೆಯೇ ಮುಗಿಸಿ. ತಲೆಯ ಮೇಲೆ ವಿದ್ಯುತ್ ತಂತಿಯಿದ್ದರೆ ಆ ಜಾಗವೇ ಬೇಡ: ಅಲ್ಯೂಮಿನಿಯಂ ಕಂಬ ವಿದ್ಯುತ್‌ವಾಹಕ.