ದಾರ ಗಂಟಾಗುವುದು ಕೆಳಗೆ, ತಪ್ಪಿರುವುದು ಮೇಲೆ

ಓದುಗರ ಪ್ರಶ್ನೆಗಳಿಗೆ ಉತ್ತರ: ಮನೆ, ಅಡುಗೆ, ಹವ್ಯಾಸ

ಪ್ರಶ್ನೆ: ಹೊಲಿಯಲು ಶುರುಮಾಡಿದ ಕೂಡಲೇ ಬಟ್ಟೆಯ ಅಡಿಯಲ್ಲಿ ದಾರ ಗುಪ್ಪೆಯಾಗಿ ಸಿಕ್ಕಿಕೊಂಡು ಯಂತ್ರ ನಿಂತುಬಿಡುತ್ತದೆ. ಬಾಬಿನ್ (ಕೆಳಗಿನ ದಾರ ಸುತ್ತಿದ ಉರುಳೆ) ಬದಲಿಸಿದೆ, ಬಾಬಿನ್ ಕೇಸಿನ ಸ್ಕ್ರೂ ಕೂಡ ಬಿಗಿ ಮಾಡಿದೆ. ಏನೂ ಪ್ರಯೋಜನವಾಗಲಿಲ್ಲ.

ಉತ್ತರ: ಗಂಟು ಕಾಣುವುದು ಕೆಳಗೆ, ಆದರೆ ಆ ಗಂಟಿನಲ್ಲಿರುವುದು ಬಹುಮಟ್ಟಿಗೆ ಮೇಲಿನ ದಾರ. ಬೇಕಿದ್ದರೆ ಮೇಲೊಂದು ಬಣ್ಣ, ಬಾಬಿನ್ನಿಗೆ ಇನ್ನೊಂದು ಬಣ್ಣ ಹಾಕಿ ನಾಲ್ಕು ಹೊಲಿಗೆ ಹಾಕಿ ನೋಡಿ, ಗೊತ್ತಾಗುತ್ತದೆ. ಸೂಜಿ ಕೆಳಗಿಳಿದಾಗ ಒಳಗಿನ ಕೊಕ್ಕೆ ಮೇಲಿನ ದಾರವನ್ನು ಬಾಬಿನ್ ಸುತ್ತ ಒಯ್ಯುತ್ತದೆ. ಆಮೇಲೆ ಟೇಕ್-ಅಪ್ ಲಿವರ್, ಅಂದರೆ ಯಂತ್ರದ ಮುಂದೆ ಮೇಲೆ ಕೆಳಗೆ ಆಡುವ ಕಡ್ಡಿ, ಆ ಸಡಿಲ ಕುಣಿಕೆಯನ್ನು ಮೇಲಕ್ಕೆ ಸೆಳೆದುಕೊಳ್ಳಬೇಕು. ದಾರವನ್ನು ಒತ್ತಿ ಹಿಡಿದು ಬಿಗಿ ಕೊಡುವ ಟೆನ್ಷನ್ ಬಿಲ್ಲೆಗಳ ನಡುವೆ ಅದು ಕೂತಿರದಿದ್ದರೆ ಅಥವಾ ಲಿವರಿನ ಕಣ್ಣಿನಿಂದ ಜಾರಿದ್ದರೆ ಸೆಳೆತವೇ ಇರುವುದಿಲ್ಲ. ಕುಣಿಕೆಗಳೆಲ್ಲ ಅಡಿಯಲ್ಲೇ ಉಳಿದು ಗುಪ್ಪೆಯಾಗುತ್ತವೆ.

ಹೀಗಾಗಲು ಸಾಮಾನ್ಯ ಕಾರಣ, ಪ್ರೆಸರ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಇಳಿಸಿಟ್ಟು ದಾರ ಪೋಣಿಸುವುದು. ಫುಟ್ ಕೆಳಗಿದ್ದಾಗ ಬಿಲ್ಲೆಗಳು ಬಿಗಿದುಕೊಂಡಿರುತ್ತವೆ, ದಾರ ಅವುಗಳ ನಡುವೆ ಇಳಿಯದೆ ಮೇಲೆಯೇ ಕೂರುತ್ತದೆ. ಮೇಲಿನ ದಾರವನ್ನು ಪೂರ್ತಿ ಬಿಚ್ಚಿ. ಫುಟ್ ಎತ್ತಿ, ಕೈಚಕ್ರ ತಿರುಗಿಸಿ ಸೂಜಿಯನ್ನು ಅತಿ ಎತ್ತರಕ್ಕೆ ತಂದು, ಮತ್ತೆ ಪೋಣಿಸಿ. ಈಗ ಸೂಜಿಯ ಬಳಿ ದಾರ ಎಳೆದು ನೋಡಿ, ಸಲೀಸಾಗಿ ಬರಬೇಕು. ಫುಟ್ ಇಳಿಸಿ ಎಳೆದರೆ ಬಿಗಿ ತಿಳಿಯಬೇಕು, ಸೂಜಿ ತುಸು ಬಾಗಬೇಕು. ಎರಡೂ ಸಲ ಒಂದೇ ರೀತಿ ಸಲೀಸಾಗಿ ಬಂದರೆ ದಾರ ಇನ್ನೂ ಬಿಲ್ಲೆಗಳ ನಡುವೆ ಕೂತಿಲ್ಲ.

ನೀವು ಬಿಗಿ ಮಾಡಿದ ಸ್ಕ್ರೂವನ್ನು ಮೊದಲಿನ ಸ್ಥಿತಿಗೆ ತರಲೇಬೇಕು, ಇಲ್ಲದಿದ್ದರೆ ಹೊಸ ತೊಂದರೆ ಶುರುವಾಗುತ್ತದೆ. ಹೊರತೆಗೆಯಬಹುದಾದ ಲೋಹದ ಕೇಸಾದರೆ, ತುಂಬಿದ ಬಾಬಿನ್ ಹಾಕಿ ದಾರ ಹಿಡಿದು ತೂಗುಬಿಡಿ. ತಾನಾಗಿ ಜಾರಬಾರದು, ಕೈಯನ್ನು ಸಣ್ಣಗೆ ಜಗ್ಗಿದಾಗ ಒಂದೆರಡು ಅಂಗುಲ ಇಳಿದು ನಿಲ್ಲಬೇಕು. ಜಗ್ಗಿದರೂ ಇಳಿಯದಿದ್ದರೆ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸಿ ಮತ್ತೆ ನೋಡಿ.

ಹೊಲಿಗೆ ಶುರುಮಾಡುವಾಗ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಎಳೆದು, ಮೊದಲ ಮೂರ್ನಾಲ್ಕು ಹೊಲಿಗೆ ಬೀಳುವವರೆಗೆ ಬೆರಳಲ್ಲಿ ಹಿಡಿದಿರಿ. ಸೂಜಿಯ ಬಗ್ಗೆಯೂ ಒಂದು ಮಾತು: ಸುಮಾರು 8 ಗಂಟೆ ಹೊಲಿದ ಮೇಲೆ ಅದನ್ನು ಬದಲಿಸುವುದು ಒಳ್ಳೆಯದು. ಸೂಜಿಯ ನಂಬರು ತೆಳು ಬಟ್ಟೆಗೆ 70, ಸಾಧಾರಣ ಹತ್ತಿ ಬಟ್ಟೆಗೆ 80, ದಪ್ಪದ್ದಕ್ಕೆ 90, ಡೆನಿಮ್‌ಗೆ 100. ಹಿಗ್ಗುವ ಬಟ್ಟೆಗೆ ತುದಿ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿಯೇ ಬೇಕು, ಚೂಪು ಸೂಜಿ ಹಾಕಿದರೆ ಹೊಲಿಗೆ ತಪ್ಪಿ ತಪ್ಪಿ ಬೀಳುತ್ತದೆ.

ಪ್ರಶ್ನೆ: ಮನೆಯಲ್ಲಿ ಮಾಡುವ ಬ್ರೆಡ್ ಮೇಲೆ ಚೆನ್ನಾಗಿ ಕೆಂಪಾಗುತ್ತದೆ, ಕೊಯ್ದರೆ ತಳದಲ್ಲಿ ಬೆರಳು ದಪ್ಪದ ಹಸಿ ಪದರ. 500 ಗ್ರಾಂ ಮೈದಾ, ಎರಡು ಲೋಟ ನೀರು, ಎರಡು ಚಮಚ ಇನ್‌ಸ್ಟಂಟ್ ಯೀಸ್ಟ್ ಹಾಕುತ್ತೇನೆ. 200 ಡಿಗ್ರಿಯಲ್ಲಿ 25 ನಿಮಿಷ ಬೇಯಿಸುತ್ತೇನೆ. ಯೀಸ್ಟ್ ಹೆಚ್ಚಿಸಲೇ?

ಉತ್ತರ: ಬೇಡ, ಯೀಸ್ಟ್ ಈಗಲೇ ಸಾಕಷ್ಟಿದೆ. ಮೊದಲು ಲೋಟ ಬಿಟ್ಟು ತಕ್ಕಡಿ ಹಿಡಿಯಿರಿ. 500 ಗ್ರಾಂ ಮೈದಾಕ್ಕೆ 310ರಿಂದ 320 ಗ್ರಾಂ ನೀರು, 10 ಗ್ರಾಂ ಉಪ್ಪು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ಲೋಟ ಒಂದೊಂದು ಮನೆಯಲ್ಲಿ ಒಂದೊಂದು ಅಳತೆ. ಎರಡು ಲೋಟವೆಂದರೆ 320 ಗ್ರಾಮೂ ಇರಬಹುದು, 450 ಗ್ರಾಮೂ ಇರಬಹುದು.

ಹಸಿ ಪದರಕ್ಕೆ ಮೂರು ಕಾರಣಗಳಿರಬಹುದು. ನಿಮ್ಮ ವಿವರಣೆ ನೋಡಿದರೆ ಮುಖ್ಯ ಕಾರಣ ಬೇಯಿಸುವ ಸಮಯ. ಇಷ್ಟು ಹಿಟ್ಟಿನ ಟಿನ್ ಬ್ರೆಡ್‌ಗೆ 200ರಿಂದ 210 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಕು. ಮೇಲೆ ಕೆಂಪಾಗುವುದು ಬೆಂದ ಗುರುತಲ್ಲ, ಮೇಲಿನ ಕಂಬಿ ಹತ್ತಿರವಿದೆ ಎಂಬ ಗುರುತು ಅಷ್ಟೇ. 20 ನಿಮಿಷಕ್ಕೇ ಕೆಂಪಾದರೆ ಮೇಲೊಂದು ಫಾಯಿಲ್ ಮುಚ್ಚಿ ಮುಂದುವರಿಸಿ. ಅಡುಗೆಯ ಥರ್ಮಾಮೀಟರ್ ಇದ್ದರೆ ಚರ್ಚೆಯೇ ಬೇಡ: ನಡುಭಾಗಕ್ಕೆ ಚುಚ್ಚಿದಾಗ 93ರಿಂದ 96 ಡಿಗ್ರಿ ಬಂದರೆ ಬೆಂದಿದೆ. ಟಿನ್ ಕೆಳಗಿನ ಸಾಲಿನಲ್ಲಿರಲಿ. ಓವನ್ನನ್ನು ಒಂದು ದಪ್ಪ ಟ್ರೇ ಸಮೇತ ಅರ್ಧ ಗಂಟೆ ಮೊದಲೇ ಕಾಯಿಸಿ, ಟಿನ್ನನ್ನು ಅದರ ಮೇಲೆ ಇಟ್ಟರೆ ತಳಕ್ಕೆ ಕೂಡಲೇ ಶಾಖ ತಗಲುತ್ತದೆ.

ಎರಡನೆಯದು, ಹಿಟ್ಟು ಪೂರ್ತಿ ಉಬ್ಬುವ ಮೊದಲೇ ಒಳಗಿಡುವುದು. ಟಿನ್ನಿನಲ್ಲಿ ಎರಡನೇ ಸಲ ಉಬ್ಬಿದಾಗ ಹಿಟ್ಟು ಅಂಟಿದ ಬೆರಳಿನಿಂದ ಅರ್ಧ ಅಂಗುಲ ಒತ್ತಿ. ಗುಳಿ ಕೂಡಲೇ ಪುಟಿದು ಮುಚ್ಚಿಕೊಂಡರೆ ಇನ್ನೂ ಕಾಯಿರಿ. ನಿಧಾನವಾಗಿ ಅರ್ಧ ಮಾತ್ರ ತುಂಬಿಕೊಂಡರೆ ಅದೇ ಹದ. ಗುಳಿ ಹಾಗೇ ಉಳಿದರೆ ಹದ ಮೀರಿದೆ, ಓವನ್ನಿನಲ್ಲಿ ಕುಸಿಯುತ್ತದೆ. ಗಡಿಯಾರ ನೋಡಿ ಇದನ್ನು ನಿರ್ಧರಿಸಲಾಗದು, ಏಕೆಂದರೆ ಅಡುಗೆಮನೆಯ ಬಿಸಿ ಬದಲಾದಂತೆ ಸಮಯವೂ ಬದಲಾಗುತ್ತದೆ.

ಮೂರನೆಯದು ಅವಸರ. ಓವನ್ನಿನಿಂದ ತೆಗೆದ ಬ್ರೆಡ್ಡಿನೊಳಗೆ ಪಿಷ್ಟ ಇನ್ನೂ ಗಟ್ಟಿಯಾಗಿರುವುದಿಲ್ಲ, ಹಬೆ ಓಡಾಡುತ್ತಿರುತ್ತದೆ. ಆಗ ಕೊಯ್ದರೆ ಚೆನ್ನಾಗಿ ಬೆಂದ ಬ್ರೆಡ್ಡೂ ಅಂಟಂಟಾಗಿ ಕಾಣುತ್ತದೆ. ಟಿನ್ನಿನಲ್ಲೇ ಬಿಟ್ಟರೆ ಆ ಹಬೆ ತಳದಲ್ಲಿ ನೀರಾಗುತ್ತದೆ. ತಕ್ಷಣ ಟಿನ್ನಿನಿಂದ ತೆಗೆದು ಜಾಲರಿಯ ಮೇಲೆ ಕನಿಷ್ಠ ಒಂದು ಗಂಟೆ ಬಿಡಿ.

ಮೂರನ್ನೂ ಒಟ್ಟಿಗೆ ಬದಲಿಸಬೇಡಿ. ಮುಂದಿನ ಸಲ ನೀರಿನ ತೂಕ ಮತ್ತು ಬೇಯುವ ಸಮಯ ಮಾತ್ರ ಸರಿಮಾಡಿ, ತಳ ಹೇಗಿದೆ ನೋಡಿ. ಮೈದಾ ಬದಲು ಗೋಧಿಹಿಟ್ಟು ಬಳಸುವುದಾದರೆ ನೀರು 350ರಿಂದ 370 ಗ್ರಾಂಗೆ ಏರಿಸಿ, ಕಲಸಿ ಅರ್ಧ ಗಂಟೆ ಬಿಟ್ಟು ಆಮೇಲೆ ನಾದಿ. ತೌಡು ನೀರು ಹೀರಿ ಮೆತ್ತಗಾಗದಿದ್ದರೆ ನಾದುವಾಗ ಅದೇ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಳೆಗಳನ್ನು ಕತ್ತರಿಸುತ್ತದೆ.

ಪ್ರಶ್ನೆ: ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದರೆ ಅರ್ಧ ಬಿಳಿಭಾಗವೇ ಕಿತ್ತು ಬರುತ್ತದೆ.

ಉತ್ತರ: ತೀರಾ ತಾಜಾ ಮೊಟ್ಟೆ ಬೇಯಿಸಬೇಡಿ. ಫ್ರಿಜ್‌ನಲ್ಲಿ ಒಂದು ವಾರ ಇದ್ದದ್ದು ಸುಲಭವಾಗಿ ಸುಲಿಯುತ್ತದೆ. ತಣ್ಣೀರಲ್ಲಿಟ್ಟು ಕಾಯಿಸುವ ಬದಲು ಕುದಿಯುವ ನೀರಿಗೆ ಸೌಟಿನಿಂದ ಮೆಲ್ಲಗೆ ಇಳಿಸಿ. 11 ನಿಮಿಷದ ನಂತರ ಐಸ್ ನೀರಿಗೆ ಹಾಕಿ, ಪೂರ್ತಿ ಆರಲಿ. ಅಗಲ ತುದಿಯಲ್ಲಿ ಗಾಳಿಯ ಜಾಗವಿದೆ, ಅಲ್ಲಿಂದ ಒಡೆದು ಸುಲಿಯಿರಿ. ಹಳದಿಯ ಸುತ್ತ ಹಸಿರು ಬಳೆ ಕಂಡರೆ ಹೆಚ್ಚು ಹೊತ್ತು ಬೆಂದಿದೆ ಎಂದರ್ಥ, ತಿನ್ನಲು ತೊಂದರೆಯಿಲ್ಲ.

ಪ್ರಶ್ನೆ: ಎರಕದ ಕಬ್ಬಿಣದ ಬಾಣಲೆಯನ್ನು ಪಳಗಿಸಲು ಐದು ಸಲ ಎಣ್ಣೆ ಸವರಿ ಕಾಯಿಸಿದೆ. ಕಪ್ಪಗಾಗಿದೆ, ಆದರೆ ಮುಟ್ಟಿದರೆ ಅಂಟು. ಇನ್ನೆಷ್ಟು ಸಲ ಎಣ್ಣೆ ಹಚ್ಚಬೇಕು?

ಉತ್ತರ: ಎಣ್ಣೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಪಳಗಿಸುವುದೆಂದರೆ ಎಣ್ಣೆಯ ಅತಿ ತೆಳು ಪದರ ಶಾಖಕ್ಕೆ ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುವುದು. ಪದರ ದಪ್ಪವಾದರೆ ಮೇಲ್ಭಾಗ ಮಾತ್ರ ಗಟ್ಟಿಯಾಗಿ ಒಳಗೆ ಜಿಗುಟು ಉಳಿಯುತ್ತದೆ. ಮೊದಲು ಹೊಸ ಎಣ್ಣೆ ಹಚ್ಚದೆ, ಬಾಣಲೆಯನ್ನು ಓವನ್ನಿನಲ್ಲಿ ಬೋರಲು ಹಾಕಿ 230ರಿಂದ 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಒಳಗೇ ಆರಲು ಬಿಡಿ. ಸಾಮಾನ್ಯವಾಗಿ ಅಷ್ಟಕ್ಕೇ ಜಿಗುಟು ಹೋಗುತ್ತದೆ. ಹೋಗದಿದ್ದರೆ ಸ್ಟೀಲ್ ನಾರಿನಿಂದ ಉಜ್ಜಿ ಆ ಪದರ ತೆಗೆದು ಮತ್ತೆ ಶುರುಮಾಡಬೇಕು.

ಮತ್ತೆ ಹಚ್ಚುವಾಗ ಬಾಣಲೆ ಬೆಚ್ಚಗಿರಲಿ. ಅರ್ಧ ಟೀ ಚಮಚ ಸೂರ್ಯಕಾಂತಿ ಅಥವಾ ಸೋಯಾ ಎಣ್ಣೆ ಒಳಗೆ, ಹೊರಗೆ, ಹಿಡಿಗೆಲ್ಲ ಸಾಕು. ಸವರಿದ ಮೇಲೆ ಒಣ ಬಟ್ಟೆಯಿಂದ, ಎಣ್ಣೆ ಹಚ್ಚಿದ್ದೇ ತಪ್ಪಾಯಿತು ಎಂಬಂತೆ ಒರೆಸಿ ತೆಗೆಯಿರಿ. ಹೊಳಪು ಕಾಣಬಾರದು. ಆಮೇಲೆ ಅದೇ ಶಾಖದಲ್ಲಿ ಒಂದು ಗಂಟೆ. ಹೀಗೆ ಮೂರು ಸಲ ಸಾಕು. ಅಗಸೆ ಎಣ್ಣೆಯನ್ನು ಬಹಳ ಜನ ಹೊಗಳುತ್ತಾರೆ. ಅದರ ಪದರ ಗಟ್ಟಿಯಾದರೂ ಬೇಗ ಚಕ್ಕೆ ಏಳುತ್ತದೆ, ಹಾಗಾಗಿ ನಮ್ಮ ಸಲಹೆ ಅದಲ್ಲ.

ಪಾತ್ರೆ ತೊಳೆಯುವ ದ್ರವ ಸ್ವಲ್ಪ ಬಳಸಿದರೆ ಪದರ ಹೋಗುವುದಿಲ್ಲ. ಹಾಳುಮಾಡುವುದು ನೆನೆಹಾಕಿಡುವುದು ಮತ್ತು ಟೊಮೆಟೊದಂಥ ಹುಳಿ ಪದಾರ್ಥವನ್ನು ಬಹಳ ಹೊತ್ತು ಕುದಿಸುವುದು. ತೊಳೆದ ಕೂಡಲೇ ಒಲೆಯ ಮೇಲಿಟ್ಟು ನೀರು ಆರಿಸಿ.

ಪ್ರಶ್ನೆ: ರಾತ್ರಿ ಮಿಕ್ಕ ಸೂಪು, ಅನ್ನ ಬೆಳಗಿನವರೆಗೆ ಹೊರಗೇ ಇರುತ್ತದೆ. ಬಿಸಿ ಪದಾರ್ಥ ಇಟ್ಟರೆ ಫ್ರಿಜ್ ಕೆಡುತ್ತದೆಂದು ಮನೆಯ ಹಿರಿಯರು ಬಿಡುವುದಿಲ್ಲ. ಬೆಳಿಗ್ಗೆ ಚೆನ್ನಾಗಿ ಕುದಿಸಿದರೆ ಸಾಕಲ್ಲವೇ?

ಉತ್ತರ: ಸಾಲದು. ಇದನ್ನು ದಯವಿಟ್ಟು ಇವತ್ತೇ ಬದಲಿಸಿ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅವು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದಾಗ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ನಾಶವಾಗದು. ವಾಸನೆ, ರುಚಿ ಬದಲಾಗದೆಯೂ ಇರಬಹುದು.

ಹಿರಿಯರ ಮಾತಿನಲ್ಲೂ ಹುರುಳಿದೆ: ಕುದಿಯುತ್ತಿರುವ ದೊಡ್ಡ ಪಾತ್ರೆಯನ್ನು ಹಾಗೇ ಇಟ್ಟರೆ ಅಕ್ಕಪಕ್ಕದ ಪದಾರ್ಥವೂ ಬಿಸಿಯಾಗುತ್ತದೆ, ಆ ಪಾತ್ರೆಯ ನಡುಭಾಗವಂತೂ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಆದ್ದರಿಂದ ಪಾತ್ರೆ ಬದಲಿಸಿ. ಸೂಪನ್ನು ಎರಡು ಅಂಗುಲಕ್ಕಿಂತ ಕಡಿಮೆ ಆಳದ ಅಗಲ ಡಬ್ಬಿಗಳಿಗೆ ಹಂಚಿ, ಅನ್ನವನ್ನು ತಟ್ಟೆಯಲ್ಲಿ ಹರಡಿ. ಅವಸರವಿದ್ದರೆ ಡಬ್ಬಿಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಕೈಯಾಡಿಸಿ. ಹಬೆ ನಿಂತ ಕೂಡಲೇ ಒಳಗಿಡಿ. ಒಲೆಯಿಂದ ಇಳಿಸಿ ಎರಡು ಗಂಟೆ ಮೀರಬಾರದು, ಅನ್ನಕ್ಕೆ ಒಂದೇ ಗಂಟೆ ಎಂದಿಟ್ಟುಕೊಳ್ಳಿ. ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಲಿ. ಮತ್ತೆ ಬಿಸಿ ಮಾಡುವಾಗ ತಿನ್ನುವಷ್ಟನ್ನೇ ತೆಗೆದು, ನಡುಭಾಗವೂ ಹಬೆಯಾಡುವಷ್ಟು ಕಾಯಿಸಿ.

ಪ್ರಶ್ನೆ: ಮನೆಕೆಲಸ ಎಲ್ಲರೂ ಹಂಚಿಕೊಂಡಿದ್ದೇವೆ. ಆದರೂ ಹೇಳದೆ ಯಾರೂ ಮಾಡುವುದಿಲ್ಲ. ನೆನಪಿಸಿ ನೆನಪಿಸಿ ನನಗೇ ಸಾಕಾಗಿದೆ. ಗೋಡೆಗೆ ಪಟ್ಟಿ ಅಂಟಿಸಿದರೂ ಎರಡೇ ವಾರ.

ಉತ್ತರ: ನೀವು ಹಂಚಿರುವುದು ಕೆಲಸದ ಕೊನೆಯ ತುಂಡನ್ನು ಮಾತ್ರ. ಬಟ್ಟೆ ಒಗೆಯುವುದೆಂದರೆ ಯಂತ್ರದ ಗುಂಡಿ ಒತ್ತುವುದಷ್ಟೇ ಅಲ್ಲ. ಬುಟ್ಟಿ ತುಂಬಿದೆಯೇ ಎಂದು ನೋಡುವುದು, ಸೋಪಿನ ಪುಡಿ ಮುಗಿಯುವ ಮೊದಲು ತರುವುದು, ಬಣ್ಣ ಬಿಡುವ ಬಟ್ಟೆ ಬೇರೆ ಮಾಡುವುದು, ಒಣಗಿಸಿ ಮಡಚಿ ಕಪಾಟಿಗೆ ಸೇರಿಸುವುದು ಎಲ್ಲ ಸೇರಿಯೇ ಅದು ಒಂದು ಕೆಲಸ. ಗಮನಿಸುವ ಭಾಗ ನಿಮ್ಮಲ್ಲೇ ಉಳಿದಿರುವುದರಿಂದ ನೆನಪಿಸುವ ಹೊಣೆಯೂ ನಿಮ್ಮಲ್ಲೇ ಉಳಿದಿದೆ. ಪಟ್ಟಿಯನ್ನು ನೋಡುವವರೂ ನೀವೇ ಆಗಿದ್ದರೆ ಪಟ್ಟಿ ಎರಡು ವಾರಕ್ಕಿಂತ ಹೆಚ್ಚು ಬಾಳದು.

ಎಲ್ಲ ಕೆಲಸವನ್ನೂ ಒಮ್ಮೆಗೇ ಮತ್ತೆ ಹಂಚಬೇಡಿ. ಒಬ್ಬೊಬ್ಬರಿಗೆ ಒಂದೇ ಕೆಲಸ, ಮೊದಲಿನಿಂದ ಕೊನೆಯವರೆಗೆ, ಕನಿಷ್ಠ ಒಂದು ತಿಂಗಳು. ಮುಗಿಯಿತು ಎಂದರೆ ಏನು ಎಂಬುದನ್ನು ಒಟ್ಟಿಗೆ ಕೂತು ಮೊದಲೇ ಮಾತಾಡಿ: "ಊಟದ ಪಾತ್ರೆ" ಎಂದರೆ ಸಿಂಕ್ ಖಾಲಿ, ಒಲೆ ಒರೆಸಿದೆ, ಒದ್ದೆ ಬಟ್ಟೆ ಹರಡಿದೆ, ರಾತ್ರಿ ಹತ್ತರೊಳಗೆ. ಎಂಟು ವರ್ಷದ ಮಗುವಿಗೂ ಹೀಗೆ ಪೂರ್ತಿ ಕೆಲಸ ಕೊಡಬಹುದು, ಗಾತ್ರ ಸಣ್ಣದಿರಲಿ: ನೀರಿನ ಬಾಟಲಿ ತುಂಬಿಸಿಡುವುದು, ಊಟದ ಮೇಜು ಸಜ್ಜು ಮಾಡುವುದು.

ಕಷ್ಟದ ಭಾಗ ನಿಮ್ಮದು. ಅವರು ಮರೆತ ದಿನ ನೀವು ಎದ್ದು ಮಾಡಿಬಿಡಬಾರದು, ಮಡಚಿದ ಬಟ್ಟೆಯನ್ನು ಅವರ ಕಣ್ಣೆದುರೇ ಮತ್ತೆ ಮಡಚಬಾರದು. ಮಾತಾಡುವುದಿದ್ದರೆ ವಾರಕ್ಕೊಮ್ಮೆ ಹದಿನೈದು ನಿಮಿಷ ನಿಗದಿ ಮಾಡಿ, ಅಲ್ಲಿ ಮಾತಾಡಿ. ಆರೋಗ್ಯ, ಬೆಂಕಿ, ಔಷಧಿಗೆ ಸಂಬಂಧಿಸಿದ್ದಕ್ಕೆ ಮಾತ್ರ ಈ ನಿಯಮ ಸಲ್ಲದು.

ಪ್ರಶ್ನೆ: ಮನೆಯೊಳಗಿನ ಗಿಡದ ಕೆಳಗಿನ ಎಲೆಗಳು ಹಳದಿಯಾಗಿ ಬಾಡುತ್ತಿವೆ. ದಿನವೂ ನೀರು ಹಾಕುತ್ತೇನೆ. ಕುಂಡದ ತಳದಲ್ಲಿ ಜಲ್ಲಿಯೂ ಇದೆ. ಗೊಬ್ಬರ ಬೇಕೇ?

ಉತ್ತರ: ಮಣ್ಣು ಒದ್ದೆಯಿದ್ದೂ ಗಿಡ ಬಾಡುತ್ತಿದ್ದರೆ ಬೇರು ಕೊಳೆಯುತ್ತಿದೆ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಗೆ ಜಾಗವಿಲ್ಲ, ಗಾಳಿಯಿಲ್ಲದ ಬೇರು ನೀರು ಹೀರಲಾರದು. ಹೀಗಾಗಿ ಗಿಡ ಬಾಯಾರಿದಂತೆಯೇ ಕಾಣುತ್ತದೆ, ನಾವು ಇನ್ನಷ್ಟು ನೀರು ಹಾಕುತ್ತೇವೆ. ಜಲ್ಲಿಯೂ ಇಲ್ಲಿ ನೆರವಾಗುವುದಿಲ್ಲ. ನುಣುಪು ಮಣ್ಣಿನಿಂದ ಒರಟು ಜಲ್ಲಿಗೆ ನೀರು ಸುಲಭವಾಗಿ ಇಳಿಯದೆ, ಜಲ್ಲಿಯ ಮೇಲೆಯೇ ಒದ್ದೆ ಪದರವಾಗಿ ನಿಲ್ಲುತ್ತದೆ. ಆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಗಿಡವನ್ನು ಕುಂಡದಿಂದ ಮೆಲ್ಲಗೆ ಹೊರತೆಗೆಯಿರಿ. ಬಿಳಿ, ಗಟ್ಟಿ ಬೇರು ಉಳಿಸಿ. ಕಂದು ಬಣ್ಣಕ್ಕೆ ತಿರುಗಿ ಹಿಸುಕಿದರೆ ಜಾರುವ ಬೇರನ್ನು ಸ್ವಚ್ಛ ಕತ್ತರಿಯಿಂದ ತೆಗೆಯಿರಿ. ತಳದಲ್ಲಿ ತೂತಿರುವ ಕುಂಡಕ್ಕೆ, ಉಳಿದ ಬೇರಿನ ಉಂಡೆಗಿಂತ ಎರಡು ಮೂರು ಸೆಂಟಿಮೀಟರ್ ಮಾತ್ರ ಅಗಲವಿರುವಂಥದ್ದಕ್ಕೆ, ಹೊಸ ಸಡಿಲ ಮಣ್ಣಿನಲ್ಲಿ ಜಲ್ಲಿಯಿಲ್ಲದೆ ನೆಡಿ. ಇನ್ನು ಮುಂದೆ ದಿನ ಲೆಕ್ಕ ಹಾಕಿ ನೀರು ಹಾಕಬೇಡಿ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗಿಳಿಸಿ, ಅಲ್ಲಿಯೂ ಒಣಗಿದ್ದರೆ ತಳದಿಂದ ಹರಿದು ಬರುವಷ್ಟು ಹಾಕಿ. ಅರ್ಧ ಗಂಟೆ ಬಿಟ್ಟು ತಟ್ಟೆಯ ನೀರು ಚೆಲ್ಲಿ. ಹಳದಿಯಾದ ಎಲೆ ಮತ್ತೆ ಹಸಿರಾಗದು, ಅದನ್ನು ಕಿತ್ತುಬಿಡಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಹಾಕಬೇಡಿ, ನೊಂದ ಬೇರನ್ನು ಅದರ ಉಪ್ಪು ಸುಡುತ್ತದೆ.