ಕಾಳ್ಗಿಚ್ಚಿನಲ್ಲಿ ಎಲ್ಲ ಕಳೆದುಕೊಂಡ ಸಂಗೀತಗಾರರಿಗೆ ಹೇಗೆ ನೆರವಾಗಬೇಕು?

2025ರ ಜನವರಿಯ ಬೆಂಕಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಹತ್ತಿರದ ಆಲ್ಟಡೀನಾದಲ್ಲಿದ್ದ ನಿಮ್ಮ ಗೆಳತಿಯ ಮನೆ ಸುಟ್ಟುಹೋಯಿತು, ಅವರು ಪಿಟೀಲು ಕಲಿಸಿ ಬದುಕುವವರು, ಕಾರಿನಲ್ಲಿದ್ದ ಒಂದು ಪಿಟೀಲು ಮಾತ್ರ ಉಳಿದಿದೆ ಎಂದು ಬರೆದಿದ್ದೀರಿ. ದುಡ್ಡು ಕಳಿಸಿದರೆ ಸಾಕಾ ಎಂದು ಕೇಳಿದ್ದೀರಿ.

ನಾನು ಮಡಿಕೇರಿ ಹತ್ತಿರ ಮಕ್ಕಳಿಗೆ ಹಾಡು, ಹಾರ್ಮೋನಿಯಂ ಕಲಿಸುತ್ತೇನೆ. ನಮ್ಮ ಮೇಲೆ ಬಂದದ್ದು ಗುಡ್ಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಮಣ್ಣು ಜರಿದಾಗ ನಮ್ಮ ಮನೆಯೂ ಹೋಯಿತು. ಹಾರ್ಮೋನಿಯಂ, ತಬಲಾ, ಇಪ್ಪತ್ತು ವರ್ಷ ಬರೆದಿಟ್ಟ ಹಾಡಿನ ಪುಸ್ತಕಗಳು ಎಲ್ಲವೂ ಮಣ್ಣಿನಡಿ. ಪರಿಹಾರ ಕೇಂದ್ರಕ್ಕೆ ಅಕ್ಕಿ ಬಂತು, ಕಂಬಳಿ ಬಂತು. ಆ ಜನರ ಋಣ ದೊಡ್ಡದು. ಆದರೆ ನಷ್ಟ ಬರೆದುಕೊಳ್ಳಲು ಬಂದವರು ಗೋಡೆ ಕೇಳಿದರು, ಮಾಡು ಕೇಳಿದರು, ದನ ಕೇಳಿದರು. ಹಾರ್ಮೋನಿಯಂ ಅಂದಾಗ ಪೆನ್ನು ನಿಂತಿತು. ನನ್ನ ಅನ್ನ ಅದರಲ್ಲಿತ್ತು ಅಂತ ಅವತ್ತು ಹೇಳಲು ಬಾಯಿ ಬರಲಿಲ್ಲ.

ಮೂರು ವಾರದ ಮೇಲೆ ಮೈಸೂರಿನಿಂದ ಗುರುತಿಲ್ಲದವರೊಬ್ಬರು ಫೋನ್ ಮಾಡಿದರು. 'ಮೇಷ್ಟ್ರೇ, ಹಾರ್ಮೋನಿಯಂ ಎರಡು ಸಾಲು ರೀಡಿನದಾ, ಮೂರು ಸಾಲಿನದಾ? ತಬಲಾ ಯಾವ ಶ್ರುತಿಗೆ ಬೇಕು?' ಅಷ್ಟೇ ಕೇಳಿದ್ದು. ನನಗೆ ಅಳು ಬಂತು.

ಅದಕ್ಕೇ ಹೇಳುತ್ತೇನೆ, ದುಡ್ಡು ಕಳಿಸಿ, ಅದು ಖಂಡಿತ ಬೇಕು. ಆದರೆ ನೀವು ಗೆಳೆಯರು. ಗೆಳೆಯರಿಂದ ಮಾತ್ರ ಆಗುವ ಕೆಲಸಗಳು ಬೇರೆ ಇವೆ.

ಮೊದಲು ಆ ಪಿಟೀಲು. ಉಳಿಯಿತಲ್ಲ ಅಂತ ಸುಮ್ನೆ ಒರೆಸಿ ನುಡಿಸಲು ಬಿಡಬೇಡಿ. ಮನೆ ಸುಟ್ಟ ಹೊಗೆಯ ಮಸಿಯಲ್ಲಿ ಪ್ಲಾಸ್ಟಿಕ್, ಬಣ್ಣ, ವೈರು ಎಲ್ಲ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಸಿ ಮರದೊಳಗೆ ಇಳಿಯುತ್ತದೆ. ಸ್ಪಿರಿಟ್ ಹಾಕಿದರೆ ವಾರ್ನಿಷ್ ಏಳುತ್ತದೆ. ಪಿಟೀಲಿಗೆ ಹಾಕುವುದು ಪ್ರಾಣಿಯ ಚರ್ಮ, ಎಲುಬಿನಿಂದ ಮಾಡಿದ ಅಂಟು, ಅದು ಬಿಸಿಗೆ ಸಡಿಲವಾಗುತ್ತದೆ. ಅಂಚಿನ ಬೆಸುಗೆ ಬಿಟ್ಟಿದ್ದರೆ ತಂತಿ ಬಿಗಿಮಾಡಿದ ಕೂಡಲೇ ಇನ್ನೂ ಬಾಯಿಬಿಡುತ್ತದೆ. ಹಾಗಂತ ನಾಲ್ಕೂ ತಂತಿ ಪೂರ್ತಿ ಬಿಚ್ಚಲೂಬಾರದು, ಒಳಗೆ ನಿಲ್ಲಿಸಿದ ಸಣ್ಣ ಕಡ್ಡಿ ಬಿದ್ದುಹೋಗಬಹುದು. ನೆರಳಿನಲ್ಲಿ, ಗಾಳಿಯಾಡುವ ಕಡೆ ಪೆಟ್ಟಿಗೆಯಿಂದ ಹೊರಗಿಟ್ಟು, ಪಿಟೀಲು ರಿಪೇರಿ ಮಾಡುವವರಿಗೆ ತೋರಿಸಲಿ. ಆ ಖರ್ಚು ನೀವು ಕೊಡಿ. ಪೆಟ್ಟಿಗೆಯ ಬಟ್ಟೆ ಹೊಗೆ ಹೀರಿರುತ್ತದೆ, ಹೊಸ ಪೆಟ್ಟಿಗೆಯೂ ಬೇಕು. ಹಾರ್ಮೋನಿಯಂ ಇದ್ದವರಿಗೆ ಒಂದು ಮಾತು: ಮಸಿ ತೆಗೆಯುವ ತನಕ ತಿದಿ ಎಳೆಯಬೇಡಿ, ಮಸಿಯನ್ನೆಲ್ಲ ಅದು ಒಳಗೆ ಎಳೆದುಕೊಳ್ಳುತ್ತದೆ.

ಇನ್ನು ಕಾಗದ ಪತ್ರ. ಆ ಬೆಂಕಿಯ ಸಮಯದಲ್ಲಿ ಅಲ್ಲಿನ ಮ್ಯೂಸಿಕೇರ್ಸ್ ಸಂಸ್ಥೆ ಸಂಗೀತದಿಂದ ಬದುಕುವವರಿಗೆ ಮೊದಲ ಕಂತಾಗಿ 1,500 ಡಾಲರ್, ದಿನಸಿಗೆ 500 ಡಾಲರ್ ಕಾರ್ಡ್ ಕೊಟ್ಟಿತು. ನಿಮ್ಮ ಗೆಳತಿ ಅರ್ಜಿ ಹಾಕಿದ್ದರಾ? ಎಷ್ಟೋ ಜನ 'ನನಗಿಂತ ಕಷ್ಟದವರು ಇದ್ದಾರೆ' ಅಂತ ಹಾಕುವುದೇ ಇಲ್ಲ. ನಾನೂ ಹಾಗೇ ಕೂತಿದ್ದೆ. ಈಗ ಯಾವ ನೆರವು ಸಿಗುತ್ತದೆ ಎಂದು ನೀವೇ ಹುಡುಕಿ, ಫೋನಿನಲ್ಲಿ ಜೊತೆಗಿದ್ದು ಅರ್ಜಿ ತುಂಬಿಸಿ. ವಿಮೆಗೆ ಪುರಾವೆ ಕೇಳುತ್ತಾರೆ. ರಸೀದಿ ಸುಟ್ಟಿರುತ್ತದೆ. ಆದರೆ ಹಳೆಯ ಸಂಗೀತ ಕಛೇರಿಯ ಫೋಟೋ, ವಿಡಿಯೊಗಳಲ್ಲಿ ಅವರ ವಾದ್ಯಗಳು ಕಾಣುತ್ತವಲ್ವಾ? ಎಲ್ಲರ ಫೋನಿನಿಂದ ಅವನ್ನು ಒಟ್ಟುಮಾಡಿ.

ಹಾಗೆ ಒಟ್ಟುಮಾಡುವಾಗ ಸ್ವರ ಬರೆದ ಪುಸ್ತಕಗಳನ್ನೂ ನೆನಪಿಡಿ. ಅದೇ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಇನ್ನೊಂದು ಕಡೆ, ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ, ಸಂಗೀತ ರಚನೆಕಾರ ಆರ್ನಾಲ್ಡ್ ಶೋನ್‌ಬರ್ಗ್ ಅವರ ಸಂಗೀತವನ್ನು ಅಚ್ಚು ಹಾಕುತ್ತಿದ್ದ ಬೆಲ್ಮಾಂಟ್ ಸಂಸ್ಥೆಯ ದಾಸ್ತಾನು ಪೂರ್ತಿ ಸುಟ್ಟಿತು. ಅವರ ಮೂಲ ಹಸ್ತಪ್ರತಿಗಳು ವಿಯೆನ್ನಾದಲ್ಲಿದ್ದುದರಿಂದ ಉಳಿದವು. ನನಗೂ ಆದದ್ದು ಹಾಗೇ. ನನ್ನ ಪುಸ್ತಕ ಮಣ್ಣಾದರೂ ಶಿಷ್ಯರ ಪುಸ್ತಕ ಇತ್ತು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎಲ್ಲರ ಮನೆಗೂ ಹೋಗಿ, ನಾನು ಬರೆಸಿದ ಹಾಡುಗಳ ಫೋಟೋ ಹೊಡೆದು ತಂದುಕೊಟ್ಟಳು. ಅಂಗಡಿಯಲ್ಲಿ ಸಿಗದ ವಸ್ತು ಅದು. ನಿಮ್ಮ ಗೆಳತಿಯ ಶಿಷ್ಯರನ್ನು ಕೇಳಿ ನೋಡಿ.

ಕೊನೆಗೆ ಕೆಲಸ. ಬೆಂಕಿ ಆರುತ್ತದೆ, ಆದರೆ ಪಾಠಕ್ಕೆ ಬರುವ ಮನೆಗಳೇ ಇರುವುದಿಲ್ಲ. ಆಲ್ಟಡೀನಾವನ್ನು ಸುಟ್ಟ ಈಟನ್ ಬೆಂಕಿಯೊಂದೇ 9,000ಕ್ಕೂ ಹೆಚ್ಚು ಕಟ್ಟಡ ಸುಟ್ಟಿತು, ಅಂದರೆ ಶಿಷ್ಯರೂ ಚದುರಿದ್ದಾರೆ. ಇಲ್ಲಿ ನಮ್ಮ ವಾಲಗದವರಿಗೆ ಆದದ್ದು ಅದೇ. ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂತು, ಯಾರಿಗೂ ಸಂಭ್ರಮದ ಮನಸ್ಸಿಲ್ಲ. ಮದುವೆಗಳು ಮುಂದೆ ಹೋದವು. ನಮ್ಮ ಪಕ್ಕದ ಊರಿನ ವಾಲಗದ ಅಣ್ಣನ ಡೋಲು ಚೆನ್ನಾಗೇ ಉಳಿದಿತ್ತು, ಕರೆಯುವವರೇ ಇರಲಿಲ್ಲ. ಕೂಲಿಗೆ ಹೋಗತೊಡಗಿದರು. ಸುಗ್ಗಿಯ ಹಬ್ಬ ಪುತ್ತರಿಗೆ ಮುಂಚೆ ಒಂದು ಮನೆಯವರು ಏಪ್ರಿಲ್ ತಿಂಗಳ ಮದುವೆಗೆ ಆಗಲೇ ಮಾತಾಡಿ, ಅರ್ಧ ಹಣ ಮುಂಗಡ ಕೊಟ್ಟರು. ಆ ಅಣ್ಣ ಮನೆಗೆ ಹೋದವರೇ ಡೋಲು ಇಳಿಸಿ, ಒಲೆಯ ಹತ್ತಿರ ತೊಗಲು ಕಾಯಿಸಿದರಂತೆ. ಮಳೆಗಾಲದಿಂದ ತೂಗುಹಾಕಿಯೇ ಇತ್ತು.

ನೀವೂ ಹಾಗೇ ಮಾಡಬಹುದು. ನಿಮ್ಮ ಮನೆಯಲ್ಲಿ ಅಥವಾ ನೆಂಟರಲ್ಲಿ ಪಿಟೀಲು ಕಲಿಯುವ ಮಕ್ಕಳಿದ್ದರೆ ಆನ್‌ಲೈನ್ ಪಾಠಕ್ಕೆ ಸೇರಿಸಿ. ಆರು ತಿಂಗಳ ಫೀಸು ಮೊದಲೇ ಕೊಡಿ. ಅದಕ್ಕೂ ಮುಂಚೆ, ಇವತ್ತೇ ಫೋನ್ ಮಾಡಿ ಎರಡು ಮಾತು ಕೇಳಿ: ಪಿಟೀಲಿನ ಜೊತೆ ಕಮಾನು ಉಳಿದಿದೆಯಾ, ಯಾವ ಕಂಪನಿಯ ತಂತಿ ಹಾಕುತ್ತಿದ್ದರು?