ಹಳೆಯ ಪೋಸ್ಟುಗಳನ್ನು ಅಳಿಸಬೇಕೇ? ಪುಣೆಗೆ ಹೊಸದಾಗಿ ಬಂದವರೊಬ್ಬರಿಗೆ ಉತ್ತರ

ಹುಬ್ಬಳ್ಳಿಯಿಂದ ಪುಣೆಯ ವಾಕಡ್‌ಗೆ ಬಂದಿಳಿದು ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಲಿರುವ ನೀವು, ಕಾಲೇಜು ದಿನಗಳಲ್ಲಿ ಬೆಳಗಾವಿ ಗಡಿ ವಿಚಾರವಾಗಿ ಫೇಸ್‌ಬುಕ್ಕಿನಲ್ಲಿ ಬರೆದ ಬಿರುಸು ಮಾತುಗಳು ಮನೆ ಮಾಲೀಕರ ಅಥವಾ ಸಹೋದ್ಯೋಗಿಗಳ ಕಣ್ಣಿಗೆ ಬಿದ್ದರೆ ಏನು ಗತಿ, ಖಾತೆಯನ್ನೇ ಮುಚ್ಚಿಬಿಡಲೇ ಎಂದು ಕೇಳಿದ್ದೀರಿ. ಮುಚ್ಚುವ ಅಗತ್ಯವಿಲ್ಲ. ಮುಚ್ಚಿದ ಮಾತ್ರಕ್ಕೆ ನಿಮ್ಮ ಹೆಸರು ಹಾಕಿ ಹುಡುಕುವವರು ಸುಮ್ಮನಾಗುವುದಿಲ್ಲ; ನಿಮ್ಮ ಪುಟ ಸಿಗದಿದ್ದರೆ ಅದೇ ಹೆಸರಿನ ಇನ್ನಾರದೋ ಪುಟವನ್ನು ನಿಮ್ಮದೆಂದು ತಿಳಿಯುತ್ತಾರೆ.

ನಿಮ್ಮ ಅಂಜಿಕೆ ಪೂರ್ತಿ ನಿರಾಧಾರವೇನಲ್ಲ. ಪುಣೆಯವರು ಗಡಿ ತಂಟೆಯನ್ನು ದಿನವೂ ತಲೆಯಲ್ಲಿಟ್ಟುಕೊಂಡು ಓಡಾಡುವವರಲ್ಲ, ನನ್ನ ನೆರೆಹೊರೆಯವರು ಅದರ ಮಾತೆತ್ತಿದ್ದೇ ಅಪರೂಪ. ಆದರೆ 2022ರ ಡಿಸೆಂಬರ್‌ನಲ್ಲಿ ಬೆಳಗಾವಿ ಸಮೀಪ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದಾಗ ಈ ಊರಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಅಂಥ ವಾರದಲ್ಲಿ ಹಳೆಯ ಕಾಮೆಂಟೊಂದರ ಸ್ಕ್ರೀನ್‌ಶಾಟ್, ತಾರೀಕು ಕಾಣದಂತೆ ಕತ್ತರಿಸಿಕೊಂಡು, ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಬಂದು ಬೀಳುವುದು ಕಷ್ಟವಲ್ಲ. ಮುಂಬಯಿ ಹತ್ತಿರದ ಪಾಲ್ಘರ್‌ನಲ್ಲಿ 2012ರಲ್ಲಿ ಬಂದ್ ಕುರಿತು ಪೋಸ್ಟ್ ಹಾಕಿದ ಯುವತಿಯನ್ನೂ ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಪೊಲೀಸರು ಬಂಧಿಸಿದ್ದರು. ಅಲ್ಲಿ ಬಳಸಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ ರದ್ದುಪಡಿಸುವ ಹೊತ್ತಿಗೆ 2015 ಬಂದಿತ್ತು.

ಫೇಸ್‌ಬುಕ್ಕಿನ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಪೋಸ್ಟುಗಳನ್ನೆಲ್ಲ ಒಂದೇ ಸಲಕ್ಕೆ ಸ್ನೇಹಿತರಿಗಷ್ಟೇ ಕಾಣುವಂತೆ ಮಾಡುವ ಆಯ್ಕೆಯಿದೆ; ಮೊದಲು ಅದನ್ನು ಒತ್ತಿರಿ. ಬಹಳ ಜನ ಅಷ್ಟಕ್ಕೇ ನಿಶ್ಚಿಂತರಾಗುತ್ತಾರೆ, ಆದರೆ ನಿಜವಾದ ತೊಡಕು ಇರುವುದು ಬೇರೆಯವರ ಗೋಡೆಗಳ ಮೇಲೆ. ಸುದ್ದಿವಾಹಿನಿಗಳ ಮತ್ತು ಸಂಘಟನೆಗಳ ಸಾರ್ವಜನಿಕ ಪುಟಗಳಲ್ಲಿ ನೀವು ಬರೆದ ಕಾಮೆಂಟುಗಳಿಗೆ ಆ ಸೆಟ್ಟಿಂಗ್ ತಾಗುವುದಿಲ್ಲವಾದ್ದರಿಂದ, ನೀವು ಫೇಸ್‌ಬುಕ್ಕಿನಲ್ಲಿ ಮಾಡಿದ್ದೆಲ್ಲದರ ಪಟ್ಟಿಯಾದ ಆಕ್ಟಿವಿಟಿ ಲಾಗ್ ತೆರೆದು, ವರ್ಷವಾರು ಹಿಂದಕ್ಕೆ ಹೋಗುತ್ತ ಒಂದೊಂದನ್ನೂ ಹುಡುಕಿ ಅಳಿಸಬೇಕಾಗುತ್ತದೆ. ಬೇಸರದ ಕೆಲಸ, ಒಂದು ಭಾನುವಾರ ಅದಕ್ಕೆಂದೇ ಎತ್ತಿಡಿ. ಅಭಿಪ್ರಾಯವನ್ನು ಅಳಿಸಬೇಕಿಲ್ಲ, ಬೈಗುಳವನ್ನು ಅಳಿಸಿದರೆ ಸಾಕು ಎಂಬುದು ನನ್ನ ಮತ. ಅಳಿಸಿದ ಮೇಲೂ ಗೂಗಲ್‌ನ ಫಲಿತಾಂಶಗಳಲ್ಲಿ ಹಳೆಯ ಸಾಲುಗಳು ಕೆಲಕಾಲ ಉಳಿಯಬಹುದು. ಹಳತಾದ ಮಾಹಿತಿಯನ್ನು ತೆಗೆಯಿರೆಂದು ಕೋರಲು ಗೂಗಲ್‌ನಲ್ಲಿಯೇ ಪ್ರತ್ಯೇಕ ಪುಟವಿದೆ.

ಇನ್ನು ಹೆಸರಿನ ವಿಷಯ. ನಿಮ್ಮದು ಪಾಟೀಲ ಅಡ್ಡಹೆಸರು; ಪಾಟೀಲ, ಕುಲಕರ್ಣಿ, ಜೋಶಿ, ದೇಶಪಾಂಡೆಯವರು ಗಡಿಯ ಎರಡೂ ಕಡೆ ತುಂಬಿದ್ದಾರೆ. ಹೆಸರು ಮತ್ತು ಅಡ್ಡಹೆಸರನ್ನಷ್ಟೇ ಹಾಕಿ ಹುಡುಕಿದರೆ ಪುಣೆಯೊಂದರಲ್ಲೇ ನಿಮ್ಮಂಥವರು ಎಷ್ಟೋ ಮಂದಿ ಸಿಗುತ್ತಾರೆ, ಅವರಲ್ಲೊಬ್ಬರ ಮೇಲಿನ ಪೊಲೀಸ್ ಪ್ರಕರಣ ನಿಮ್ಮ ತಲೆಗೆ ಬರದಿರಲಿ. ಲಿಂಕ್ಡ್‌ಇನ್‌ನಲ್ಲಿ ತಂದೆಯ ಹೆಸರೂ ಸೇರಿದ ಪೂರ್ಣ ಹೆಸರು, ಓದಿದ ಕಾಲೇಜು, ಈಗಿನ ಊರು, ಸ್ಪಷ್ಟವಾದ ಫೋಟೋ ಇರಲಿ, ಕಚೇರಿಯ ದಾಖಲೆಯಲ್ಲಿರುವ ಸ್ಪೆಲ್ಲಿಂಗನ್ನೇ ಅಲ್ಲಿಯೂ ಬಳಸಿ. ಅದೇ ಪೂರ್ಣ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಅಲರ್ಟ್ಸ್‌ನಲ್ಲಿ ನೋಂದಾಯಿಸಿದರೆ, ಹೊಸದಾಗಿ ಎಲ್ಲಿಯಾದರೂ ಕಾಣಿಸಿಕೊಂಡಾಗ ಇಮೇಲ್ ಬರುತ್ತದೆ. ಎಲ್ಲವನ್ನೂ ಅದು ಹಿಡಿಯುವುದಿಲ್ಲ, ಆದರೆ ಖರ್ಚಿಲ್ಲ.

ಫೋನ್ ನಂಬರ್ ಹೊಸದಾಗಿ ತೆಗೆದುಕೊಂಡಿದ್ದರೆ ಅದನ್ನೂ ನೋಡಿಕೊಳ್ಳಿ. ರದ್ದಾದ ನಂಬರನ್ನು 90 ದಿನಗಳ ಬಳಿಕ ಇನ್ನೊಬ್ಬರಿಗೆ ಕೊಡಬಹುದಾದ್ದರಿಂದ, ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್‌ಗಳಲ್ಲಿ ಹಿಂದಿನವರ ಹೆಸರೇ ಉಳಿದಿರುವುದುಂಟು. ನನ್ನ ನಂಬರಿನಿಂದ ಕರೆ ಹೋದಾಗ ಬ್ರೋಕರ್‌ನ ಪರದೆಯ ಮೇಲೆ ‘ಟೈಲ್ಸ್ ಕಾಂಟ್ರಾಕ್ಟರ್’ ಎಂದು ಬರುತ್ತಿತ್ತು. ಬಾಡಿಗೆ ಮಾತಾಡುವ ಮೊದಲು ಅದರ ವಿವರಣೆಯೇ ಆಗುತ್ತಿತ್ತು.

ನಿಮ್ಮ ಫೋಟೋ ಹಾಕಿ ಯಾರಾದರೂ ನಕಲಿ ಖಾತೆ ತೆರೆದು ಗೆಳೆಯರಲ್ಲಿ ಹಣ ಕೇಳತೊಡಗಿದರೆ ಮಾತ್ರ ತಡಮಾಡಬೇಡಿ. ಆ ಖಾತೆಯ ವಿಳಾಸವನ್ನು ಬರೆದಿಟ್ಟುಕೊಂಡು ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ವರದಿ ಮಾಡಿ. ಖಾತೆ ಮಾಯವಾದ ಮೇಲೆ ಪುರಾವೆ ಸಿಗುವುದು ಕಷ್ಟ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಯಾರಾದರೂ ಹಣ ಕಳಿಸಿಬಿಟ್ಟಿದ್ದರೆ ಅವರೇ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ.